ಲಾಗಿನ್ ಆದ ಕೂಡಲೇ ಬೀಳುವ ಆಪ್ ಮತ್ತು ಅಪ್ಪನ ಮದ್ದಿನ ಲೆಕ್ಕ

ಜುಲೈ ಎರಡನೇ ವಾರ ಊರಿಗೆ ಹೋಗಿದ್ದೆ. ತೀರ್ಥಹಳ್ಳಿಯಿಂದ ಆಗುಂಬೆ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಒಳಗೆ ತಿರುಗಿದರೆ ನಮ್ಮ ಮನೆ. ಮಳೆ ಬಿಟ್ಟೇ ಇರಲಿಲ್ಲ. ಜಗಲಿ ಹತ್ತುವ ಮೊದಲೇ ಅಪ್ಪ ಹೇಳಿದರು, "ನನ್ನ ಚೀಟಿ ತೆರೀತಾನೇ ಇಲ್ಲ ಮಾರಾಯ, ಮದ್ದಿನ ಲೆಕ್ಕ ಎಲ್ಲ ಅದರಲ್ಲೇ ಇದೆ."

ಮನೆಯ ಪಿಸಿಯಲ್ಲಿ ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಇದೆ, ನಾನೇ ಹಾಕಿಕೊಟ್ಟಿದ್ದು. ಲಾಗಿನ್ ಆದ ಕೂಡಲೇ ತಾನಾಗಿ ತೆರೆದುಕೊಳ್ಳುವ ಹಾಗೆ ಚೀಟಿ ಬರೆಯುವ ಒಂದು ಪುಟ್ಟ ಆಪ್ ಕೂಡ ಇಟ್ಟಿದ್ದೆ. ಅಡಿಕೆಗೆ ಬೋರ್ಡೋ ಮದ್ದು ಹೊಡೆದ ದಿನ, ಎಷ್ಟು ಡ್ರಮ್ ಆಯಿತು, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನಿಗೆ ಎಷ್ಟು ಕೊಟ್ಟಿದ್ದು, ಎಲ್ಲ ಅದರಲ್ಲೇ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಅನ್ನುವುದನ್ನು ಅಪ್ಪ ಯಾವತ್ತೂ ಮರೆಯುವುದಿಲ್ಲ. ಆದರೆ ತೋಟದ ಯಾವ ತುಂಡಿಗೆ ಯಾವತ್ತು ಹೊಡೆದಿದ್ದು ಅನ್ನುವುದು ಬರೆದಿಟ್ಟರೆ ಮಾತ್ರ ನೆನಪು. ಎರಡನೇ ಮದ್ದು 40-45 ದಿನಕ್ಕೆ ಬೀಳಲೇಬೇಕು, ತಡವಾದರೆ ಕಾಯಿಗೆ ಕೊಳೆ ರೋಗ ಬರುತ್ತದೆ. ಹಾಗಾಗಿ ಈ ಆಪ್ ಬಿದ್ದಿದ್ದು ನನಗೆ ಸಣ್ಣ ವಿಷಯ ಅನ್ನಿಸಲಿಲ್ಲ.

ಲಾಗಿನ್ ಆದೆ. ಕೆಳಗಿನ ಪ್ಯಾನೆಲ್‌ನಲ್ಲಿ ಐಕಾನ್ ಒಂದು ಕ್ಷಣ ಬಂತು, ಮಾಯವಾಯಿತು. ಏನೂ ಸಂದೇಶ ಇಲ್ಲ. ಪಕ್ಕದ ಮನೆಯ ಹುಡುಗ ಆಗಲೇ ಹೇಳಿಹೋಗಿದ್ದನಂತೆ, ಎಲ್ಲ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿ ಅಂತ. ದಯವಿಟ್ಟು ಯಾರೂ ಮೊದಲೇ ಆ ಕೆಲಸಕ್ಕೆ ಕೈ ಹಾಕಬೇಡಿ. ಲೆಕ್ಕ ಇರುವುದು ಅಪ್ಪನ ಫೈಲುಗಳೆಲ್ಲ ಇರುವ ಹೋಮ್ ಫೋಲ್ಡರ್‌ನಲ್ಲಿ, ಅದೇ ಹೋದರೆ ಮತ್ತೇನು ಉಳಿಯಿತು?

ನನಗೆ ಮೊದಲು ಅನುಮಾನ ಬಂದಿದ್ದು ಅಪ್‌ಡೇಟ್ ಮೇಲೆ. ಲಾಗ್ ಫೋಲ್ಡರ್ ಒಳಗೆ, ಅಪ್‌ಡೇಟ್ ಹಾಕುವ ಆಪ್ಟ್‌ನ ಹಿಸ್ಟರಿ ಫೈಲ್ ಇರುತ್ತದೆ, ಯಾವ ದಿನ ಏನು ಬದಲಾಯಿತು ಅಂತ ಅದರಲ್ಲಿ ಸಿಗುತ್ತದೆ. ನೋಡಿದರೆ ಎರಡು ವಾರದಿಂದ ಏನೂ ಬದಲಾಗಿಲ್ಲ. ಆಮೇಲೆ ಹೊಸ ಯೂಸರ್ ಒಂದನ್ನು ಮಾಡಿ ಅದರಲ್ಲಿ ಲಾಗಿನ್ ಆದೆ, ಆಪ್ ಸರಾಗವಾಗಿ ತೆರೆಯಿತು. ಎರಡೇ ನಿಮಿಷದ ಕೆಲಸ ಇದು, ಆದರೆ ಅರ್ಧ ದಾರಿ ಮುಗಿದ ಹಾಗೆ: ಆಪ್ ಸರಿ ಇದೆ, ಸಿಸ್ಟಮ್ ಸರಿ ಇದೆ, ತೊಂದರೆ ಇರುವುದು ಅಪ್ಪನ ಹೋಮ್ ಫೋಲ್ಡರ್ ಒಳಗೇ.

ಅಪ್ಪನ ಅಕೌಂಟ್‌ಗೆ ವಾಪಸ್ ಬಂದು ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದು ಆಪ್‌ನ ಹೆಸರು ಟೈಪ್ ಮಾಡಿದೆ. ಲಾಗಿನ್ ಹೊತ್ತಿಗೆ ಸದ್ದಿಲ್ಲದೆ ಬೀಳುವ ಆಪ್, ಟರ್ಮಿನಲ್‌ನಿಂದ ಓಡಿಸಿದರೆ ಎಷ್ಟೋ ಸಲ ಕಾರಣ ಹೇಳಿಯೇ ಬೀಳುತ್ತದೆ. ಪೈಥಾನ್‌ನಲ್ಲಿ ಬರೆದ ಆಪ್ ಅದು, ಎಂಟು ಹತ್ತು ಸಾಲು ಉಗುಳಿತು, ಕೊನೆಯ ಸಾಲು ಮಾತ್ರ ನಮಗೆ ಬೇಕಾದ್ದು: 'ಎಕ್ಸ್‌ಪೆಕ್ಟಿಂಗ್ ವ್ಯಾಲ್ಯೂ: ಲೈನ್ 1 ಕಾಲಮ್ 1'. ಚೀಟಿಗಳನ್ನು ಉಳಿಸಿಡುವ ಜೇಸನ್ ಫೈಲ್ ಓದಲು ಹೋಗಿದೆ, ಮೊದಲ ಅಕ್ಷರದಲ್ಲೇ ಏನೂ ಸಿಕ್ಕಿಲ್ಲ. ಕಾನ್ಫಿಗ್ ಫೋಲ್ಡರ್‌ಗೆ ಹೋಗಿ ನೋಡಿದರೆ ಚೀಟಿಗಳ ಫೈಲ್ ಇತ್ತು. ಗಾತ್ರ 0 ಬೈಟ್.

ಅದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಯಿತು.

ಕಾರಣ ಕರೆಂಟ್ ಹೋಗಿದ್ದು. ಆಪ್ ಉಳಿಸುವಾಗ ಹಳೇ ಫೈಲನ್ನು ಮೊದಲು ಖಾಲಿ ಮಾಡಿ, ಆಮೇಲೆ ಅದರೊಳಗೆ ಹೊಸದಾಗಿ ಬರೆಯುತ್ತದೆ. ಬರೆದಿದ್ದು ಆ ಕ್ಷಣಕ್ಕೇ ಡಿಸ್ಕಿಗೆ ಹೋಗುವುದಿಲ್ಲ, ಲಿನಕ್ಸ್ ಅದನ್ನು ಕೆಲವು ಸೆಕೆಂಡ್ ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ. ಸರಿಯಾಗಿ ಆ ನಡುವೆ ಲೈನ್ ಮೇಲೆ ಮರ ಬಿದ್ದರೆ ಹೆಸರು ಉಳಿಯುತ್ತದೆ, ಒಳಗಿನದು ಹೋಗುತ್ತದೆ. ಇದಕ್ಕೆ ಸರಿಯಾದ ದಾರಿ ಇದೆ: ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಎಫ್‌ಸಿಂಕ್ ಮಾಡಿ ಡಿಸ್ಕಿಗೆ ಮುಟ್ಟಿಸಿ, ಆಮೇಲೆ ಹೆಸರು ಬದಲಿಸಬೇಕು. ಆಗ ಹಳೆಯದಾದರೂ ಇರುತ್ತದೆ, ಹೊಸದಾದರೂ ಇರುತ್ತದೆ. ಆಪ್ ಬರೆಯುವ ಗೆಳೆಯರಲ್ಲಿ ನನ್ನ ಕೇಳಿಕೆ ಇಷ್ಟೇ, ದಿನಾ ಕರೆಂಟ್ ಹೋಗುವ ಊರುಗಳಲ್ಲೂ ಜನ ನಿಮ್ಮ ಆಪ್ ಬಳಸುತ್ತಾರೆ, ಈ ಮೂರು ಹೆಜ್ಜೆ ಬಿಡಬೇಡಿ.

ಪುಣ್ಯಕ್ಕೆ ಅದೇ ಫೋಲ್ಡರ್‌ನಲ್ಲಿ ನಾಲ್ಕು ದಿನ ಹಿಂದಿನ ಬ್ಯಾಕಪ್ ಇತ್ತು. ಖಾಲಿ ಫೈಲನ್ನು ಅಳಿಸಲಿಲ್ಲ, ಹೆಸರು ಬದಲಿಸಿ ಪಕ್ಕಕ್ಕಿಟ್ಟೆ. ಬ್ಯಾಕಪ್ ಕಾಪಿ ಮಾಡಿ ಅದರ ಜಾಗಕ್ಕೆ ಹಾಕಿದೆ. ಆಪ್ ತೆರೆಯಿತು.

ನಿಮಗೂ ಹೀಗೆ ಆದರೆ ಕಾರಣ ಬೇರೆಯೂ ಇರಬಹುದು. ಕೈಯಿಂದ ತೆರೆದರೆ ಸರಿಯಾಗಿ ಓಡಿ ಲಾಗಿನ್ ಹೊತ್ತಿಗೆ ಮಾತ್ರ ಬೀಳುವ ಆಪ್ ಆಗಿದ್ದರೆ, ಅದು ಪ್ಯಾನೆಲ್ಲೋ ನೆಟ್‌ವರ್ಕೋ ಸಿದ್ಧವಾಗುವ ಮೊದಲೇ ಎದ್ದಿರಬಹುದು. ಸ್ಟಾರ್ಟಪ್ ಅಪ್ಲಿಕೇಶನ್ಸ್‌ನಲ್ಲಿ 10 ಸೆಕೆಂಡ್ ತಡ ಕೊಟ್ಟು ನೋಡಿ. 'ಸೆಗ್ಮೆಂಟೇಶನ್ ಫಾಲ್ಟ್' ಅಂತ ಬಂದರೆ ಅದು ಬೇರೆ ಜಾತಿ, ಆಪ್ ತನ್ನದಲ್ಲದ ಮೆಮೊರಿಗೆ ಕೈ ಹಾಕಿ ಬಿದ್ದಿದೆ, ಆಗ ಸಿಸ್ಟಮ್‌ನ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್‌ನಲ್ಲಿ ಆ ಹೊತ್ತಿನ ಸಾಲುಗಳನ್ನು ಓದಬೇಕು. ಡೆಸ್ಕ್‌ಟಾಪೇ ಬರದೆ ಪಾಸ್‌ವರ್ಡ್ ಕೊಟ್ಟಷ್ಟೂ ಸಲ ಲಾಗಿನ್ ಪುಟಕ್ಕೇ ವಾಪಸ್ ಬರುತ್ತಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಕಪ್ಪು ತೆರೆಯಲ್ಲಿ ಲಾಗಿನ್ ಆಗಿ, ಡಿಸ್ಕ್ ತುಂಬಿದೆಯಾ ನೋಡಿ. ತುಂಬಿರದಿದ್ದರೆ, ಡೆಸ್ಕ್‌ಟಾಪ್ ತೆರೆಯಲು ಅನುಮತಿ ಕೊಡುವ, ಹೋಮ್‌ನಲ್ಲಿರುವ ಎಕ್ಸ್‌ಅಥಾರಿಟಿ ಫೈಲ್ ರೂಟ್ (ಸಿಸ್ಟಮ್‌ನ ಅಡ್ಮಿನ್) ಹೆಸರಿಗೆ ಹೋಗಿದೆಯಾ ನೋಡಿ. ಸುಡೋ ಹಾಕಿ, ಅಂದರೆ ಅಡ್ಮಿನ್ ಅಧಿಕಾರದಲ್ಲಿ, ಕಿಟಕಿ ಇರುವ ಆಪ್ ತೆರೆದವರಿಗೆ ಇದು ಆಗುವುದು ಜಾಸ್ತಿ.

ಮನೆಯಲ್ಲಿ ಇನ್ವರ್ಟರ್ ಇದೆ. ಆದರೂ ಪಿಸಿ ಯಾಕೆ ಆಫ್ ಆಗುತ್ತಿತ್ತು ಅಂತ ಹಿಂದೆ ಬಗ್ಗಿ ನೋಡಿದರೆ ಇನ್ವರ್ಟರ್‌ನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿ ಇರಲಿಲ್ಲ. ಹಾಗಿದ್ದಾಗ ಫ್ಯಾನು, ಲೈಟಿಗೆ ಏನೂ ಗೊತ್ತಾಗುವುದಿಲ್ಲ, ಪಿಸಿ ಮಾತ್ರ ಬ್ಯಾಟರಿಗೆ ಬದಲಾಗುವಾಗಿನ ಚಿಕ್ಕ ಬಿಡುವನ್ನು ತಡೆಯುವುದಿಲ್ಲ. ಸ್ವಿಚ್ ಬದಲಿಸಿ, ಮೇನ್ ಇಳಿಸಿ ನೋಡಿದೆ. ಪಿಸಿ ಆಫ್ ಆಗಲಿಲ್ಲ.

ನಾಲ್ಕು ದಿನದ ಆಳಿನ ಲೆಕ್ಕವನ್ನು ಅಪ್ಪ ಕವಳ ಹಾಕುತ್ತಾ ನೆನಪಿಸಿಕೊಂಡು ಹೇಳಿದರು, ನಾನು ಬರೆದೆ. ಮೊದಲ ಮದ್ದು ಜೂನ್ 6ಕ್ಕೆ ಆಗಿತ್ತು. "ಹಾಗಾದ್ರೆ 18ಕ್ಕೆ ಹೊಡಿಸ್ಬೇಕು, ಮಳೆ ಒಂಚೂರು ಹೊಳವು ಕೊಟ್ರೆ ಸಾಕು" ಅಂದು ಅಪ್ಪ ಕೊನೆಗೌಡನಿಗೆ ಫೋನ್ ಹಚ್ಚಿದರು.