ಹತ್ತರಲ್ಲೇ ನಿಂತ ಹಳದಿ ಗೆರೆ

14 ಮಾರ್ಚ್ 2026, ಶನಿವಾರ, ರಾತ್ರಿ ಹನ್ನೊಂದೂವರೆ

ಎರಡು ಸಲ ಸೋಪು ಹಾಕಿ ಉಜ್ಜಿದರೂ ಉಗುರಿನ ಸಂದಿಯ ಮಸಿ ಹೋಗಿಲ್ಲ. ಇವರು ಮಲಗಿ ಗಂಟೆಯಾಯಿತು. ನನಗೆ ನಿದ್ದೆ ಹತ್ತುತ್ತಿಲ್ಲ, ಅದಕ್ಕೇ ಇಲ್ಲಿ ಕೂತೆ.

ದೊಡ್ಡಪ್ಪ ಇವತ್ತು ಬಂದದ್ದು ನನ್ನ ಮಗನನ್ನು ನೋಡೋದಕ್ಕೆ. ಆದರೆ ಅವರ ಅಭ್ಯಾಸ ನಿಮಗೆ ಗೊತ್ತಲ್ಲ, ಮನೆಯೊಳಗೆ ಕಾಲಿಡುವ ಮೊದಲು ನಮ್ಮ ಮೋಟರ್‌ಹೋಮ್ ಬಸವನ ಸುತ್ತ ಒಂದು ಪ್ರದಕ್ಷಿಣೆ ಆಗಲೇಬೇಕು. ಮೂವತ್ತು ವರ್ಷ ದೊಡ್ಡ ಡೀಸೆಲ್ ಎಂಜಿನ್‌ಗಳ ಹೊಟ್ಟೆಯೊಳಗೆ ಕೈಯಾಡಿಸಿದ ಮನುಷ್ಯ, ಮೋಟರ್‌ಹೋಮ್ ಅಂದರೆ ಅವರಿಗೆ ಬರೀ ಹಿಂಬದಿಯ ಎಂಜಿನ್. ಮುಂದಿರುವ ಹಾಸಿಗೆ, ಸಿಂಕು, ಕಿಟಕಿ ಪರದೆ ಎಲ್ಲ ಅವರ ಪಾಲಿಗೆ ಲಗೇಜು. ನಾವು ಬೆಳಿಗ್ಗೆ ತಾನೇ ಒಂದು ಸುತ್ತು ಓಡಿಸಿಕೊಂಡು ಬಂದಿದ್ದೆವು. ನಾನು ಹಿಂದಿನ ಬಾಗಿಲೆತ್ತಿ ಎಣ್ಣೆ ನೋಡುತ್ತಿದ್ದೆ. ಅವರು ಬಗ್ಗಿ ಏರ್ ಫಿಲ್ಟರ್ ಡಬ್ಬಿಯ ಪಕ್ಕದ ಗೇಜಿನ ಮೇಲೆ ಬೆರಳಿಟ್ಟರು.

"ಎಷ್ಟು ತೋರಿಸ್ತಿದೆ?"

"ಹತ್ತು."

"ಹೋದ ಸಲ?"

"ಹತ್ತೇ."

"ಅದರ ಹಿಂದಿನ ಸಲ?"

"ಯಾವಾಗಲೂ ಹತ್ತೇ ದೊಡ್ಡಪ್ಪ, ಇಪ್ಪತ್ತೈದಕ್ಕೆ ಬಂದರೆ ತಾನೇ ಬದಲಾಯಿಸೋದು?" ಅಂದೆ. ಶಭಾಸ್ ಅಂತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ಹಣೆಗೇರಿಸಿ ನನ್ನ ಕಡೆ ನೋಡಿದರು, ಮಗ್ಗಿ ತಪ್ಪು ಹೇಳಿದ ಮಗುವನ್ನು ನೋಡಿದ ಹಾಗೆ.

"ನಾಲ್ಕು ವರ್ಷ ಧೂಳು ಕುಡಿದ ಫಿಲ್ಟರ್ರು. ಒಂದು ಗೆರೆನೂ ಮೇಲೆ ಹೋಗಿಲ್ಲ ಅಂತ ನೀನು ಖುಷಿ ಪಡ್ತಿದೀಯ?"

ಗೇಜು ಅಂದರೆ ಹೆಬ್ಬೆರಳಿನಷ್ಟು ಉದ್ದದ ಪಾರದರ್ಶಕ ಪ್ಲಾಸ್ಟಿಕ್ಕಿನ ಲೋಟ, ಅಷ್ಟೇ. ಒಳಗೊಂದು ಹಳದಿ ಗೆರೆ. ಎಂಜಿನ್ ಉಸಿರೆಳೆಯುವಾಗ ಫಿಲ್ಟರ್ ಎಷ್ಟು ಅಡ್ಡಿ ಮಾಡುತ್ತೋ ಗೆರೆ ಅಷ್ಟು ಸರಿಯುತ್ತೆ, ಸರಿದ ಕಡೆಯೇ ಕಚ್ಚಿಕೊಂಡು ನಿಲ್ಲುತ್ತೆ. ಹಾಗಾಗಿ ಗಾಡಿ ನಿಂತ ಮೇಲೂ, ಏರಿನಲ್ಲಿ ಪೂರ್ತಿ ದಮ್ಮು ಕಟ್ಟಿ ಎಳೆದಾಗ ಎಷ್ಟಿತ್ತು ಅನ್ನೋದು ಕಾಣುತ್ತೆ. ನೋಡಿ ಆದ ಮೇಲೆ ಗುಂಡಿ ಒತ್ತಿದರೆ ಮತ್ತೆ ತಳಕ್ಕೆ ಬರುತ್ತೆ. ಅಳತೆ ನೀರಿನ ಇಂಚಿನಲ್ಲಿ. 25 ಇಂಚು ಅಂದರೆ ನೆಟ್ಟಗೆ ನಿಲ್ಲಿಸಿದ ಎರಡಡಿ ಸ್ಟ್ರಾದಲ್ಲಿ ನೀರನ್ನು ತುದಿಯವರೆಗೆ ಎಳೆಯೋವಷ್ಟು ಬಲ. ದೊಡ್ಡ ಲೆಕ್ಕವಲ್ಲ, ನಮ್ಮ ಬಾಯಿಗೂ ಸಾಧ್ಯ.

ಸಾಧ್ಯ ಅಂತ ದೊಡ್ಡಪ್ಪ ತೋರಿಸಿಯೇಬಿಟ್ಟರು. ಗೇಜನ್ನು ತಿರುಗಿಸಿ ಬಿಚ್ಚಿದರು, ಅಂಗಿಯ ತುದಿಯಲ್ಲಿ ಒರೆಸಿದರು, ಬಾಯಿಗಿಟ್ಟು ಎಳೆದರು. ಹಳದಿ ಗೆರೆ ಟಕ್ ಟಕ್ ಅಂತ ಮೆಟ್ಟಿಲು ಹತ್ತಿದ ಹಾಗೆ ಹತ್ತಿ ಕೆಂಪಿಗೆ ಹೋಗಿ ನಿಂತಿತು. ಮಗನಿಗೆ ಸ್ವರ್ಗ. ತಾನೂ ಊದ್ತೀನಿ ಅಂತ ಹಟ. "ಊದೋದಲ್ಲ, ಎಳೆಯೋದು" ಅಂತ ಅಜ್ಜ ಮೊಮ್ಮಗ ಹತ್ತು ನಿಮಿಷ ಅದರಲ್ಲೇ.

ಅಲ್ಲಿಗೆ ಗೇಜು ಸುಳ್ಳು ಹೇಳುತ್ತಿಲ್ಲ ಅಂತಾಯಿತು. ನನ್ನ ಹೊಟ್ಟೆಯಲ್ಲಿ ಏನೋ ಕದಡಲು ಶುರುವಾದದ್ದು ಆಗಲೇ.

"ನಾವು ಓಡಿಸೋದೇ ಕಡಿಮೆ" ಅಂತ ಒಂದು ನೆಪ ಹೇಳಿ ನೋಡಿದೆ. "ಕಡಿಮೆ ಓಡಿದರೂ ಫಿಲ್ಟರಿನ ಕಾಗದಕ್ಕೆ ವಯಸ್ಸಾಗುತ್ತೆ, ರಬ್ಬರಿಗೆ ಇನ್ನೂ ಬೇಗ ಆಗುತ್ತೆ" ಅಂತ ಟಾರ್ಚ್ ಕೇಳಿದರು. ಫಿಲ್ಟರ್‌ನಿಂದ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋಗೆ ಹೋಗುವ ಕೊಳವೆಯ ಮಧ್ಯೆ ಮೊಣಕೈಯಂಥ ರಬ್ಬರಿನ ಬಾಗು ಇದೆಯಲ್ಲ, ಅದನ್ನು ಎರಡೂ ಕೈಯಲ್ಲಿ ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ಹಿಂಡಿದರು. ಮೇಲಿಂದ ನೋಡಿದರೆ ಕಪ್ಪಗೆ ನುಣ್ಣಗೆ ಇದ್ದ ರಬ್ಬರು ಅಡಿಭಾಗದಲ್ಲಿ ಬಾಯಿ ಬಿಟ್ಟಿತು. ಕ್ಲಾಂಪು ಓರೆಯಾಗಿ ಕೂತು ಕಚ್ಚಿದ ಜಾಗ. ಒಂದೂವರೆ ಇಂಚಿನ ಸೀಳು. ಕೈ ಬಿಟ್ಟರೆ ಮತ್ತೆ ಮುಚ್ಚಿಕೊಂಡು ಸಾಧು ಪ್ರಾಣಿಯ ಹಾಗೆ ಕೂರುತ್ತೆ. ಎಂಜಿನ್ ಎಳೆಯುವಾಗ ಮಾತ್ರ ತೆರೆಯೋದು.

"ಮೂಗು ಹಿಡಿದರೆ ಬಾಯಿ ತೆರೆಯುತ್ತೆ ಅಂತಾರೆ. ನಿನ್ನ ಬಸವ ಬಾಯಿ ಮೊದಲೇ ತೆರೆದುಕೊಂಡು ಕೂತಿದಾನೆ. ಇನ್ನು ಮೂಗು ಕಟ್ಟಿದ್ದು ಗೇಜಿಗೆ ಹೇಗೆ ಗೊತ್ತಾಗಬೇಕು?"

ನನಗೆ ತಲೆಗೆ ಹೋಗದೆ ಉಳಿದಿದ್ದ ವಿಷಯ ಇದೇ. ಫಿಲ್ಟರ್ ಕಟ್ಟಿದರೆ ಗೇಜು ಕೂಗುತ್ತೆ. ಫಿಲ್ಟರ್ ದಾಟಿದ ಮೇಲೆ ಎಲ್ಲೋ ತೂತಾದರೆ ಗೇಜು ಕೂಗೋದಿಲ್ಲ, ಬದಲಿಗೆ ಇನ್ನೂ ಸಮಾಧಾನದಿಂದ ಇರುತ್ತೆ. ಗಾಳಿಗೆ ಸುಲಭದ ದಾರಿ ಸಿಕ್ಕಿತಲ್ಲ, ಅಡ್ಡಿ ಎಲ್ಲಿಂದ ಬರಬೇಕು. ಫಿಲ್ಟರ್ ಕಟ್ಟಿದರೆ ಹೆಚ್ಚೆಂದರೆ ಏರಿನಲ್ಲಿ ದಮ್ಮು ಇಲ್ಲ, ಹಿಂದೆ ಕರಿ ಹೊಗೆ, ಡೀಸೆಲ್ ಜಾಸ್ತಿ. ಹೊಸದು ಹಾಕಿದರೆ ಮುಗಿಯಿತು. ಸೀಳಿನಲ್ಲಿ ಹೋದ ಧೂಳು ಸೋಸದ ಮರಳು. ಪಿಸ್ಟನ್ ರಿಂಗಿಗೂ ಸಿಲಿಂಡರಿನ ಒಳಗೋಡೆಯಾದ ಲೈನರಿಗೂ ನಡುವೆ ಸಾಣೆ ಹಿಡಿದ ಹಾಗೆ ತಿಕ್ಕುತ್ತಾ ಇರುತ್ತೆ, ನಾವು ಮುಂದೆ ಕೂತು ಹಾಡು ಕೇಳುತ್ತಾ ಇರುತ್ತೇವೆ. ಅದರಲ್ಲೂ ಹಿಂದೆ ಎಂಜಿನ್ ಇರುವ ಗಾಡಿ. ಮಣ್ಣು ರಸ್ತೆಗಿಳಿದರೆ ತನ್ನದೇ ಚಕ್ರ ಎಬ್ಬಿಸಿದ ಧೂಳಿನ ಮೋಡದಲ್ಲಿ ನಿಂತು ಉಸಿರಾಡುತ್ತೆ.

ಬಾಗನ್ನು ಬಿಚ್ಚಿದೆವು. ದೊಡ್ಡಪ್ಪ ಹೇಳಿದರು, "ಬೆರಳು ಹಾಕು, ನೀನೇ ನೋಡು." ಫಿಲ್ಟರ್ ಕಡೆಯ ಗೋಡೆಯಲ್ಲಿ ಬೆರಳಾಡಿಸಿದರೆ ಏನೂ ಇಲ್ಲ, ಬಿಳಿ ಬಟ್ಟೆ ಬಿಳಿಯಾಗೇ ಬಂತು. ಸೀಳಿನಿಂದ ಟರ್ಬೋ ಕಡೆಗೆ ಬೀಸಣಿಗೆ ಬಿಡಿಸಿಟ್ಟ ಹಾಗೆ ಬೂದು ಬಣ್ಣದ ಧೂಳು ಹರಡಿತ್ತು. ಹಿಟ್ಟಿನಷ್ಟು ನಯ. ಎರಡು ಬೆರಳ ನಡುವೆ ಇಟ್ಟು ತಿಕ್ಕಿದರೆ ಮಾತ್ರ ಗರಗರ.

ಅವರು ಟರ್ಬೋದ ಚಕ್ರಕ್ಕೆ ಟಾರ್ಚ್ ಬಿಟ್ಟು ಒಂದೊಂದೇ ರೆಕ್ಕೆಯ ಅಂಚಿಗೆ ಉಗುರು ತಾಗಿಸಿ ನೋಡಿದರು. ನಿಮಿಷಕ್ಕೆ ಲಕ್ಷದ ಆಸುಪಾಸು ಸುತ್ತುವ ಚಕ್ರ, ಧೂಳು ಬಡಿದರೆ ಮೊದಲು ಸವೆಯುವುದು ಆ ಅಂಚು. ನಾನು ಉಸಿರು ಬಿಗಿ ಹಿಡಿದು ನಿಂತಿದ್ದೆ. "ಅಂಚು ಇನ್ನೂ ಚೂಪಾಗೇ ಇದೆ" ಅಂದರು. ಅಬ್ಬ ಅನ್ನೋದರೊಳಗೆ, "ಅದಕ್ಕೆ ರಿಂಗು ಚೆನ್ನಾಗಿದೆ ಅಂತ ಅರ್ಥ ಅಲ್ಲ" ಅಂತ ಸೇರಿಸಿದರು. ಈ ಮನುಷ್ಯನಿಗೆ ಪೂರ್ತಿ ಒಳ್ಳೆ ಸುದ್ದಿ ಕೊಡೋಕೆ ಬರೋದೇ ಇಲ್ಲ.

ಫಿಲ್ಟರ್ ಹೊರಗೆ ತೆಗೆದಾಗ ಇವರು ಬಂದು ಸೇರಿಕೊಂಡರು. ಬಂದವರು ಸುಮ್ಮನಿರದೆ, "ಅದನ್ನ ನಾನೇ ಕಂಪ್ರೆಸರ್‌ನಲ್ಲಿ ಊದಿ ಕ್ಲೀನ್ ಮಾಡಿದ್ದೆ" ಅಂತ ಹೆಮ್ಮೆಯಿಂದ ಹೇಳಿದರು. ನನಗೇ ಇದು ಹೊಸ ಸುದ್ದಿ! ದೊಡ್ಡಪ್ಪ ಕಣ್ಣು ಮುಚ್ಚಿಕೊಂಡರು. ಆಮೇಲೆ ಅಳಿಯನ ಮುಂದೆ ಗಟ್ಟಿ ಮಾತಾಡಬಾರದು ಅನ್ನೋ ಸಂಕೋಚದಲ್ಲಿ ತುಂಬಾ ಮೆತ್ತಗೆ ವಿವರಿಸಿದರು: ಮಡಿಕೆ ಕಾಗದಕ್ಕೆ ಆ ರಭಸದ ಗಾಳಿ ಬಡಿದರೆ ಕಣ್ಣಿಗೆ ಕಾಣದ ತೂತು ಬೀಳುತ್ತೆ, ಕುಟ್ಟಿ ಝಾಡಿಸಿದರೆ ಸೀಲಿನ ಅಂಚು ಸೊಟ್ಟಗಾಗುತ್ತೆ. ಸ್ವಲ್ಪ ಧೂಳು ಕೂತ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತಂತೆ, ಕೂತ ಧೂಳೇ ಇನ್ನೊಂದು ಜರಡಿ. ಸುಮ್ಮಸುಮ್ಮನೆ ಬಿಚ್ಚಿ ನೋಡುವವರೂ ತಪ್ಪೇ ಮಾಡೋದು, ಒಂದೊಂದು ಸಲ ಬಿಚ್ಚಿದಾಗಲೂ ಒಂದು ಚಿಟಿಕೆ ಧೂಳು ಸೋಸಿದ ಗಾಳಿಯ ಕಡೆ ಉದುರುತ್ತೆ. ಬದಲಾಯಿಸೋದಾದರೆ ಬದಲಾಯಿಸಿ, ಇಲ್ಲದಿದ್ದರೆ ಮುಟ್ಟಬೇಡಿ. ಇವರು ತಲೆಯಾಡಿಸಿದ ರೀತಿ ನೋಡಿದರೆ ಒಂದು ಕಿವಿಯಲ್ಲಾದರೂ ಉಳಿದಿರಬೇಕು.

ಹೊರಗಾಳಿ ಬರುವ ಕಡೆಯ ಕೊಳವೆಯಲ್ಲಿ ಇನ್ನೊಂದು ಸಂಸಾರ ಸಿಕ್ಕಿತು. ಒಣಹುಲ್ಲು, ಚೂರು ಕಾಗದ, ಮಧ್ಯೆ ಮೆತ್ತಗೆ ಬಿಳಿ ಹತ್ತಿ. ಇಲಿ ಗೂಡು, ಖಾಲಿ. ಬಸವನ ಹಿಂದಿನ ಹಾಸಿಗೆಯ ದಿಂಬಿಗೆ ಮೂಲೆಯಲ್ಲಿ ತೂತಾಗಿದೆ ಅಂತ ನಾನು ಮಗನನ್ನು ಬೈದಿದ್ದೆನಲ್ಲ, ಆ ಹತ್ತಿ. ಅವನು ಏನೂ ಅನ್ನಲಿಲ್ಲ. ಗೂಡನ್ನು ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಖದ ಮುಂದೆ ಸುಮ್ಮನೆ ನಿಂತ. ಕ್ಷಮೆ ಕೇಳಿದೆ. ಗೂಡು ಈಗ ಅವನ ಪುಸ್ತಕದ ಕಪಾಟಿನಲ್ಲಿದೆ.

ಎಂಜಿನ್ ಇನ್ನೂ ಬೆಚ್ಚಗಿದ್ದದ್ದರಿಂದ ಡಿಪ್‌ಸ್ಟಿಕ್ ಇಳಿಯುವ ದಾರಿಯಲ್ಲೇ ತೆಳು ನಳಿಗೆ ಇಳಿಸಿ ಎಣ್ಣೆಯ ಸ್ಯಾಂಪಲ್ ತೆಗೆದಿದ್ದೇವೆ. ಸೋಮವಾರ ಲ್ಯಾಬಿಗೆ ಹೋಗುತ್ತೆ. ಸಿಲಿಕಾನ್ ಎಷ್ಟಿದೆ ನೋಡಬೇಕು, ಮಣ್ಣು ಮರಳಿನಲ್ಲಿರೋದು ಅದೇ, ಧೂಳು ಒಳಗೆ ಹೋಗಿದ್ದರೆ ಎಣ್ಣೆ ಬಾಯಿ ಬಿಡುತ್ತೆ. "ಸಿಲಿಕಾನ್ ಒಂದನ್ನೇ ನೋಡಿ ಅಳಬೇಡ, ಗ್ಯಾಸ್ಕೆಟ್ ಅಂಟಿನಿಂದಲೂ ಬರುತ್ತೆ. ಜೊತೆಗೆ ಅಲ್ಯೂಮಿನಿಯಂ ಏರಿದ್ಯಾ, ರಿಂಗು, ಲೈನರ್ ಸವೆದು ಕಬ್ಬಿಣ, ಕ್ರೋಮಿಯಂ ಏರಿದ್ಯಾ, ಅದು ನೋಡು" ಅಂತ ಹೋಗುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದರು. ಹೊಸ ಬಾಗು, ಹೊಸ ಫಿಲ್ಟರ್, ಹೊಸ ಕ್ಲಾಂಪು ಬರೋದು ಮಂಗಳವಾರ. ಅಲ್ಲಿಯವರೆಗೆ ಕೀಲಿ ತಿರುಗಿಸುವಂತಿಲ್ಲ. ಇವರು ಟೇಪು ಸುತ್ತೋಣ ಅಂದಿದ್ದರು. ಅದರ ಬಗ್ಗೆ ಬರೆಯೋದಿಲ್ಲ.

ಊಟ, ಪಾತ್ರೆ, ಮಗನ ಹೋಂವರ್ಕು.

ಆಮೇಲೆ ಕೂತು ಒಂದು ಲೆಕ್ಕ ಹಾಕಿದೆ, ಹಾಕಬಾರದಿತ್ತು. ಒಂದು ಲೀಟರ್ ಡೀಸೆಲ್ ತೂಕ ಸುಮಾರು 840 ಗ್ರಾಂ. ಒಂದು ಗ್ರಾಂ ಸುಡೋಕೆ ಕನಿಷ್ಠ 14.5 ಗ್ರಾಂ ಗಾಳಿ. ಅಂದರೆ ಲೀಟರಿಗೆ 12 ಕಿಲೋ ಗಾಳಿ, ಅಂದರೆ 10 ಘನ ಮೀಟರ್. ಇದು ಕನಿಷ್ಠ, ಡೀಸೆಲ್ ಎಂಜಿನ್ ಬೇಕಾದ್ದಕ್ಕಿಂತ ಯಾವಾಗಲೂ ಹೆಚ್ಚೇ ಎಳೆದುಕೊಳ್ಳುತ್ತೆ. ಬಸವನಲ್ಲಿ ನಾವು ಮಲಗುವ ಕೋಣೆ ಹೆಚ್ಚುಕಡಿಮೆ 10 ಘನ ಮೀಟರ್. ಲೀಟರಿಗೆ ಮೂರು ಕಿಲೋಮೀಟರ್ ಕೊಡುವ ಗಾಡಿ. ಮೂರು ಕಿಲೋಮೀಟರಿಗೊಮ್ಮೆ ನಮ್ಮ ಮಲಗುವ ಕೋಣೆಯಷ್ಟು ಗಾಳಿ ಆ ಕೊಳವೆಯಲ್ಲಿ ಹೋಗುತ್ತೆ. ಅದರಲ್ಲಿ ಎಷ್ಟು ಪಾಲು ಸೀಳಿನಿಂದ ಹೋಯಿತು, ಎಷ್ಟು ದಿನದಿಂದ?

ಲ್ಯಾಬಿನ ಫಾರಂನಲ್ಲಿ ಈ ಎಣ್ಣೆ ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳಿದ್ದಾರೆ. ತುಂಬೋದಕ್ಕೆ ಗಾಡಿಯ ಪುಸ್ತಕ ತೆರೆದೆ. ಎಲ್ಲ ನನ್ನದೇ ಅಕ್ಷರ. ಮಾರ್ಚ್ 2022, ಏರ್ ಫಿಲ್ಟರ್ ಹೊಸದು, ಗೇಜು 10. ನವೆಂಬರ್ 2022, ಗೇಜು 12, ಸರಿ. ಜೂನ್ 2023, ಗೇಜು 14ರ ಹತ್ತಿರ, ಸರಿ. ಫೆಬ್ರವರಿ 2024, ಗೇಜು 10, ಸರಿ. ಅಲ್ಲಿಂದ ಮುಂದೆ ಹತ್ತು, ಹತ್ತು, ಹತ್ತು.

ಯಾವಾಗಲೂ ಹತ್ತೇ ಅಂದೆನಲ್ಲ ದೊಡ್ಡಪ್ಪನಿಗೆ. ಹದಿನಾಲ್ಕಕ್ಕೆ ಹೋಗಿತ್ತು. ಹೋಗಿ ವಾಪಸ್ ಬಂದಿತ್ತು. ಧೂಳು ಕೂತ ಫಿಲ್ಟರ್ ತಾನಾಗಿ ಹಗುರಾಗೋದಿಲ್ಲ. ನಾನು ಅದರ ಪಕ್ಕ "ಸರಿ" ಅಂತ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೇನೆ.

ಇಲ್ಲ, ತಡೀರಿ. ಇವರು ಕಂಪ್ರೆಸರ್‌ನಲ್ಲಿ ಊದಿದ್ದು ಯಾವಾಗ? ಆ ಫೆಬ್ರವರಿಗಿಂತ ಮೊದಲಾದರೆ ಹತ್ತಕ್ಕೆ ಇಳಿದದ್ದು ಅದರಿಂದ ಇರಬಹುದು, ಸೀಳು ಮೊನ್ನೆ ಮೊನ್ನೆ ಆದದ್ದೂ ಇರಬಹುದು. ಆಮೇಲಾದರೆ ಎರಡು ವರ್ಷದ ಓಟ. ಓಡೋಮೀಟರ್ ಅಂಕಿ ಎರಡೂ ಕಡೆ ಬರೆದಿದ್ದೇನೆ, ಕಳೆದು ನೋಡೋಕೆ ಕೈ ಬರುತ್ತಿಲ್ಲ. ಎಬ್ಬಿಸಿ ಕೇಳಲೇ ಅಂತ ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ಗೊರಕೆ ಹೊಡೀತಿದಾರೆ, ಎಳೆಯುವಾಗ ಒಂದು ಸದ್ದು, ಬಿಡುವಾಗ ಇನ್ನೊಂದು.