14 ಜುಲೈ 2024, ಭಾನುವಾರ: ಅಳಿಯನ ದೋಣಿ

ಮಧ್ಯಾಹ್ನ ಹಿಡಿದ ಜಿಟಿಜಿಟಿ ಮಳೆ ಇನ್ನೂ ನಿಂತಿಲ್ಲ. ರಾತ್ರಿ 8.30ಕ್ಕೆ ಅಕ್ಕನ ಮಗ ಡಲ್ಲಾಸ್‌ನಿಂದ ಫೋನ್ ಮಾಡಿದ. ಅಲ್ಲಿ ಆಗ ಬೆಳಗಿನ 10 ಗಂಟೆ. ಕ್ಷೇಮಸಮಾಚಾರಕ್ಕೂ ಮೊದಲೇ, “ಮಾಮಾ, ಬಾಸ್ ಮೀನ ಹಿಡಿಯಾಕ ಒಂದು ದೋಣಿ ತಗೊಳ್ಳಾಕತ್ತೇನಿ, ಸೆಕೆಂಡ್ ಹ್ಯಾಂಡು” ಎಂದ. ನಾನು ಆ ಊರಿನಲ್ಲಿದ್ದಾಗ ಲೇಕ್ ಫೋರ್ಕ್ ಜಲಾಶಯದ ಮೇಲೆ ಕಳೆದ ಭಾನುವಾರಗಳೆಲ್ಲ ಕಣ್ಣೆದುರು ಬಂದವು. 1992ರಲ್ಲಿ 18.18 ಪೌಂಡಿನ ಬಾಸ್ ಸಿಕ್ಕಿ ಟೆಕ್ಸಾಸಿನ ದಾಖಲೆಯಾದದ್ದು ಅದೇ ನೀರಿನಲ್ಲಿ, ಆದ್ದರಿಂದ ಹುಡುಗನ ಉತ್ಸಾಹ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮಾತಾಡುವಾಗ ಸಂತೋಷವೇ ಆಯಿತು. ಫೋನ್ ಇಟ್ಟ ಮೇಲೆ ಮನಸ್ಸಿಗೆ ಸಮಾಧಾನವಿಲ್ಲ.

ಗಾಳಕ್ಕೆ ಕಟ್ಟಲು ಕೊಳ್ಳಬೇಕೆಂದು ಬರೆದಿಟ್ಟುಕೊಂಡ ಕೃತಕ ಮೀನು, ಹುಳು, ಕಪ್ಪೆಗಳ ಪಟ್ಟಿಯನ್ನು ಓದಿ ಹೇಳಿದ. ನಲವತ್ತಕ್ಕೂ ಹೆಚ್ಚಿದ್ದವು. ಮೊದಲ ವರ್ಷಕ್ಕೆ ಪ್ಲಾಸ್ಟಿಕ್ ಹುಳು, ತಿರುಗುವ ತಗಡಿರುವ ಸ್ಪಿನ್ನರ್‌ಬೈಟ್ ಮತ್ತು ಒಳಗೆ ಟೊಳ್ಳಿರುವ ರಬ್ಬರ್ ಕಪ್ಪೆ, ಈ ಮೂರು ಸಾಕು ಎಂದೆ. ಆ ಜಲಾಶಯದಲ್ಲಿ ಮುಳುಗಿದ ಮರಗಳು ನೀರೊಳಗೆ ನಿಂತೇ ಇವೆ. ಕೊಕ್ಕೆಯ ಮೊನೆ ಹೊರಗಿದ್ದರೆ ಎಸೆದಾಗಲೆಲ್ಲ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕಾಗಿಯೇ ಟೆಕ್ಸಾಸ್ ರಿಗ್ ಎಂಬ ಕಟ್ಟುವ ರೀತಿಯನ್ನು ಕಲಿಯಬೇಕು. ದಾರಕ್ಕೆ ಮೊದಲು ಬಂದೂಕಿನ ಗುಂಡಿನ ಆಕಾರದ ಕಾಲು ಔನ್ಸ್ ತೂಕವನ್ನು ಪೋಣಿಸಿ, ಆಮೇಲೆ 3/0 ಅಳತೆಯ ಕೊಕ್ಕೆಯನ್ನು ಕಟ್ಟಿ, ಹುಳುವಿನ ತಲೆಯೊಳಗೆ ಮೊನೆಯನ್ನು ಅರ್ಧ ಸೆಂಟಿಮೀಟರಿನಷ್ಟು ಇಳಿಸಿ ಪಕ್ಕಕ್ಕೆ ಹೊರತೆಗೆದು, ಕೊಕ್ಕೆಯನ್ನು ತಿರುಗಿಸಿ, ಮೊನೆಯನ್ನು ಮತ್ತೆ ಹುಳುವಿನ ಮೈಯೊಳಗೇ ಅಡಗಿಸಬೇಕು. ಹುಳು ನೆಟ್ಟಗೆ ತೂಗಬೇಕು. ಎಲ್ಲಾದರೂ ಮುದುರಿಕೊಂಡಿದ್ದರೆ ಎಳೆಯುವಾಗ ಗಿರಗಿರನೆ ತಿರುಗಿ ದಾರವನ್ನೆಲ್ಲ ಹುರಿಗಟ್ಟಿಸಿಬಿಡುತ್ತದೆ.

ಇದನ್ನು ವಿವರಿಸುತ್ತಲೇ ಕಪಾಟಿನ ಮೇಲಿದ್ದ ನನ್ನ ಹಳೆಯ ಪೆಟ್ಟಿಗೆಯನ್ನು ಇಳಿಸಿ ತೆರೆದೆ. ಮೆತ್ತನೆಯ ಹುಳುಗಳು ಪಕ್ಕದಲ್ಲಿದ್ದ ಗಟ್ಟಿ ಪ್ಲಾಸ್ಟಿಕ್ಕಿನ ಮೀನಿಗೆ ಕರಗಿ ಅಂಟಿಕೊಂಡಿದ್ದವು, ನೀಲಿ ಹುಳುವಿನ ಬಣ್ಣ ಬಿಳಿಯದಕ್ಕೆ ಇಳಿದಿತ್ತು, ಮುಚ್ಚಳ ತೆರೆದ ಕೂಡಲೇ ಜಿಡ್ಡಿನ ವಾಸನೆ ಬಂತು. ಹುಳುಗಳನ್ನು ಕೊಂಡ ಚೀಲದಲ್ಲೇ ಇಡು, ಒಂದರ ಜೊತೆ ಇನ್ನೊಂದನ್ನು ಬೆರೆಸಬೇಡ ಎಂದು ಅವನಿಗೆ ಎರಡು ಸಲ ಹೇಳಿದೆ.

ರಬ್ಬರ್ ಕಪ್ಪೆಯೊಂದು ಮಾತ್ರ ಕೆಡದೆ ಉಳಿದಿದೆ. ಅದರ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಬೆನ್ನಿಗೆ ಒರಗಿದ ಎರಡು ಕೊಕ್ಕೆಗಳು ಮೇಲೇಳುತ್ತವೆ, ಬಿಟ್ಟರೆ ಮತ್ತೆ ಅಡಗುತ್ತವೆ. ಹೀಗಾಗಿ ಜೊಂಡಿನ ಮೇಲೆ ಎಲ್ಲಿ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ, ಮೀನು ಕಚ್ಚಿದಾಗ ಮಾತ್ರ ಕೊಕ್ಕೆ ಹೊರಬರುತ್ತದೆ. ಇದಕ್ಕೆ ನೈಲಾನ್ ದಾರ ಹಿಗ್ಗುವುದರಿಂದ ಆಗದು. 50 ಪೌಂಡಿನ ಹೆಣೆದ ದಾರವೇ ಬೇಕು. ನಮ್ಮ ವರದಾ ನದಿಯ ಮಡುಗಳಲ್ಲಿ ದೊಡ್ಡಪ್ಪ ಬಿದಿರ ಕೋಲಿಗೆ ಜೀವಂತ ಕಪ್ಪೆ ಕಟ್ಟಿ ಮುರಲ್ ಮೀನು ಹಿಡಿಯುತ್ತಿದ್ದರು. ನೀರು ಧಡಲ್ಲನೆ ಒಡೆದ ಕೂಡಲೇ ನಾನು ಕೋಲು ಜಗ್ಗುತ್ತಿದ್ದೆ, ಕಪ್ಪೆ ಬರಿದೇ ಹಾರಿ ಬಂದು ದಡಕ್ಕೆ ಬೀಳುತ್ತಿತ್ತು. “ಅದು ನುಂಗೂ ತನಕ ತಡಿಯಪಾ, ಭಾರ ಕೈಗೆ ಬರಲಿ” ಎನ್ನುತ್ತಿದ್ದರು. ಬಾಸ್ ಹಿಡಿಯುವುದಕ್ಕೂ ಇದಕ್ಕಿಂತ ಒಳ್ಳೆಯ ಮಾತನ್ನು ಯಾರೂ ನನಗೆ ಹೇಳಿಕೊಟ್ಟಿಲ್ಲ. ನೀರು ಒಡೆದಾಗ ಕೋಲಿನ ತುದಿಯನ್ನು ತಗ್ಗಿಸಿ, ಸಡಿಲವಾದ ದಾರವನ್ನು ಸುತ್ತಿಕೊಂಡು, ಭಾರ ತಗಲಿದ ಮೇಲೆ ಮೈಬಲವೆಲ್ಲ ಹಾಕಿ ಜಗ್ಗಬೇಕು.

ಎರಡೂ ಮೀನು ಹೊಂಚು ಹಾಕಿ ಬೇಟೆಯಾಡುವವೇ, ಎರಡೂ ಮರಿಗಳನ್ನು ಕಾಯುವವೇ. ಆದರೆ ಮುರಲ್ ಮೇಲೆ ಬಂದು ಗಾಳಿ ಕುಡಿಯಬಲ್ಲದು, ಬಾಸ್‌ಗೆ ಅದು ಸಾಧ್ಯವಿಲ್ಲ. ಇನ್ನು ಜುಲೈ ಬಿಸಿಲಿನಲ್ಲಿ ಕಪ್ಪೆಯ ಆಟವೆಲ್ಲ ನಸುಕಿನ ಒಂದೆರಡು ತಾಸಿನದು. ಬಿಸಿಲೇರಿದ ಮೇಲೆ ಮೀನು ನೆರಳಿಗೋ ಆಳಕ್ಕೋ ಸರಿಯುತ್ತದೆ, ಆಗ ಹುಳುವನ್ನು ತಳದಲ್ಲಿ ನಿಧಾನವಾಗಿ ಎಳೆಯಬೇಕು. 16ರಿಂದ 24 ಇಂಚಿನ ಬಾಸನ್ನು ಲೇಕ್ ಫೋರ್ಕ್‌ನಲ್ಲಿ ನೀರಿಗೇ ಬಿಡಬೇಕೆಂಬ ನಿಯಮವಿರುವುದರಿಂದ ಅಳತೆಪಟ್ಟಿ ಕೈಗೆ ಸಿಗುವಂತಿರಲಿ, ಮೀನನ್ನು ಹಿಡಿಯುವ ಮೊದಲು ಕೈ ಒದ್ದೆ ಮಾಡಿಕೋ ಎಂದೆ.

ದೋಣಿಯ ಮಾತಿಗೆ ಬಂದಾಗ ಅವನ ದನಿ ಗಡಿಬಿಡಿಯದಾಯಿತು. ಅದು 14 ಅಡಿಯ, ಚಪ್ಪಟೆ ತಳದ ಅಲ್ಯೂಮಿನಿಯಂ ದೋಣಿ. ಅಂಥದೇ ಸಾಕು, ಆದರೆ ಎಂಜಿನ್ ಕೂರಿಸುವ ಹಿಂಬದಿಯ ಹಲಗೆಯನ್ನು ನೋಡದೆ ದುಡ್ಡು ಕೊಡಬೇಡ ಎಂದೆ. ಎಂಜಿನ್ನಿನ ಕೆಳತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಹಲಗೆಯೂ ಬಾಗಿದರೆ ಒಳಗಿನ ಪ್ಲೈವುಡ್ ಕೊಳೆತಿದೆ ಎಂದರ್ಥ. ಎಂಜಿನ್ ಶುರುವಾದಾಗ ಅದನ್ನು ತಂಪಾಗಿಡುವ ನೀರಿನ ಧಾರೆ ಪಕ್ಕದಿಂದ ಚಿಮ್ಮಬೇಕು. ನೀರಿಗೆ ಇಳಿಸುವ ಮೊದಲು ಬಸಿಗಂಡಿಯ ಬಿರಡೆಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಒಮ್ಮೆ ನಾನು ಮರೆತಿದ್ದೆ. ದಡದಿಂದ ಮೂವತ್ತು ಅಡಿ ಹೋಗುವಷ್ಟರಲ್ಲಿ ಪಾದ ಮುಳುಗಿತ್ತು.

“ಈಜು ಬರ್ತದಲ್ಲ?” ಎಂದು ಕೇಳಿದ್ದಕ್ಕೆ, “ಲೈಫ್ ಜಾಕೆಟ್ ಅದಾವ ಮಾಮಾ” ಎಂದ. 13 ವರ್ಷದೊಳಗಿನ ಮಕ್ಕಳು ಅದನ್ನು ತೊಟ್ಟಿರಲೇಬೇಕು, ದೊಡ್ಡವರಿಗೆ ದೋಣಿಯಲ್ಲಿ ಇದ್ದರೆ ಸಾಕು ಎನ್ನುತ್ತದೆ ಅಲ್ಲಿಯ ಕಾನೂನು. ಇದ್ದರೆ ಸಾಕಾಗುವುದಿಲ್ಲ, ತೊಡಬೇಕು. ನೀರಿಗೆ ಬಿದ್ದ ಮೇಲೆ ಅದನ್ನು ತೊಡುವುದು ಎಷ್ಟು ಕಷ್ಟವೆಂದು ಹೇಳತೊಡಗಿದ್ದೆ, ಅಷ್ಟರಲ್ಲಿ ಫೋನ್ ಕಡಿಯಿತು.

ಈಗ ರಾತ್ರಿ 11.30. ಅವನು ದೋಣಿಯ ಫೋಟೋ ಕಳಿಸಿದ್ದಾನೆ. ಒಳಬದಿಗೆ ಹೊಡೆದಿರುವ ಫಲಕವನ್ನು ದೊಡ್ಡದು ಮಾಡಿ ಓದಿದೆ: ದೋಣಿ ಹೊರಬಹುದಾದದ್ದು ಹೆಚ್ಚೆಂದರೆ ಮೂರು ಜನರನ್ನು; ಜನ, ಎಂಜಿನ್, ಸಾಮಾನು ಎಲ್ಲ ಸೇರಿ 650 ಪೌಂಡ್. ಎಂಜಿನ್‌ಗೆ 150, ಪೆಟ್ರೋಲಿಗೆ 40, ಎರಡು ಬ್ಯಾಟರಿಗೆ 110, ಮುಂದಿನ ಚಿಕ್ಕ ಮೋಟಾರಿಗೆ 30 ಎಂದು ಹಿಡಿದರೂ ಉಳಿಯುವುದು 320 ಪೌಂಡ್, ಅಂದರೆ 145 ಕಿಲೋ. ಅವನು 82 ಕಿಲೋ, ಹೆಂಡತಿ 58, ಮಗು 16. ಐಸ್ ಪೆಟ್ಟಿಗೆಯನ್ನೂ ಗಾಳದ ಚೀಲವನ್ನೂ ನಾನಿನ್ನೂ ಸೇರಿಸಿಲ್ಲ. ಅಲ್ಲಿ ಈಗ ಮಧ್ಯಾಹ್ನ ಒಂದು ಗಂಟೆ, ಎರಡಕ್ಕೆ ದುಡ್ಡು ಕೊಡಲು ಹೊರಡುತ್ತೇನೆ ಎಂದಿದ್ದ. ಎರಡು ಸಲ ಫೋನ್ ಹಚ್ಚಿದೆ, ಎತ್ತುತ್ತಿಲ್ಲ. ಅಕ್ಕ ಒಳಗೆ ಮಲಗಿದ್ದಾಳೆ, ಅವಳಿಗೆ ಈ ಲೆಕ್ಕ ಇನ್ನೂ ಹೇಳಿಲ್ಲ.