ಯಾವ ಬಣ್ಣ ಅದ, ತೋರ್ಸು

"ಯಾವ ಬಣ್ಣ ಅದ? ತೋರ್ಸು."

ಸೋಮವಾರ ಎದೆರೋಗದ ಓಪಿಡಿ ಹೊರಗೆ, ಎನ್‌ಟಿಎಂ ಅನ್ನೋ ಶ್ವಾಸಕೋಶದ ಸೋಂಕಿನ ರೋಗಿಗಳಾದ ನಾವು ಕೂರುವ ಬೇವಿನ ಮರದ ಕೆಳಗೆ, ನಮ್ಮ ಗುಂಪಿನ ಆಳಂದದ ಅಕ್ಕ ಹೀಗೆ ಕೇಳಿದರು. ಕೇಳಿದ್ದು ಶಹಾಬಾದಿನ ಹುಡುಗನಿಗೆ. ಅವನ ಕೈಯಲ್ಲಿ ಕರ್ಚೀಫಿನಲ್ಲಿ ಸುತ್ತಿದ ಡಬ್ಬಿ ಇತ್ತು. ಕಫ ತನ್ನಿ ಅಂತ ಲ್ಯಾಬಿನವರು ಕೊಡ್ತಾರಲ್ಲ, ಅದು. ಅಕ್ಕನ ದನಿ ಸಣ್ಣದಲ್ಲ. ಔಷಧಿ ಸಾಲಿನಲ್ಲಿ ನಿಂತವರೂ ತಿರುಗಿ ನೋಡಿದರು. ಹುಡುಗನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಬೇರೆ ಕಡೆ ಮುಖ ಮಾಡಿದಳು. ಹುಡುಗ ಡಬ್ಬಿ ಹಿಡಿದ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ.

"ಇಲ್ಲಿ ಕುಂತವ್ರೆಲ್ಲಾ ಅದನ್ನೇ ಉಗುಳೋರು. ನಾಚ್ಕಿ ಯಾಕ ತಮ್ಮಾ? ತೋರ್ಸು."

ತೋರಿಸಿದ. ಅಕ್ಕ ಡಬ್ಬಿಯನ್ನು ಮುಟ್ಟಲಿಲ್ಲ, ಮುಚ್ಚಳ ತೆಗೆಸಲಿಲ್ಲ. ಬಗ್ಗಿ ನೋಡಿದರು ಅಷ್ಟೇ.

"ಹಸರ ಅದ. ಹೋದ ತಿಂಗಳ ಹ್ಯಾಂಗಿತ್ತು?"

"ಹಳದಿ ಇತ್ತ್ರೀ ಅಕ್ಕ."

"ರಕ್ತ ಏನರ ಬಂದಿತ್ತಾ?"

"ಒಮ್ಮಿ... ಎಳಿ ಎಳಿ."

"ಡಾಕ್ಟರಿಗಿ ಹೇಳ್ದಿ?"

ಹುಡುಗ ಹೆಂಡತಿಯ ಕಡೆ ನೋಡಿದ. ಡಾಕ್ಟರಿಗೆ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ ಅನ್ನೋದು ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅಕ್ಕ ಬೈಯಲಿಲ್ಲ. "ಏಳು, ಈಗ ಹೋಗಿ ಹೇಳಿ ಬಾ, ಆಮ್ಯಾಲ ಚಹಾ ಕುಡಿಯೋಣ" ಅಂದರು. ಅವನು ಒಳಗೆ ಹೋದ. ಡಾಕ್ಟರು ಇನ್ನೊಂದು ಎಕ್ಸ್-ರೇ ಬರೆದುಕೊಟ್ಟರು.

ಇವತ್ತು ಗುರುವಾರ. ಅಡುಗೆ ಮಾಡುವಾಗ, ಪೇಪರ್ ತಿದ್ದುವಾಗ ಅದೇ ಮಾತು ನೆನಪಾಗುತ್ತದೆ. ಯಾವ ಬಣ್ಣ ಅದ. ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನು ಟೀಚರ್. ಪಾಠದ ಮಧ್ಯೆ ಕೆಮ್ಮು ಬಂದರೆ ಶಾಲೆಯ ನೀರಿನ ಟ್ಯಾಂಕಿನ ಹಿಂದೆ ಹೋಗಿ ಉಗುಳಿ, ಮೇಲೆ ಎರಡು ಚರಗಿ ನೀರು ಸುರಿದು ಬರುತ್ತಿದ್ದೆ. ಮನೆಯಲ್ಲಾದರೆ ಬಚ್ಚಲಿಗೆ ಹೋಗಿ, ಸದ್ದು ಕೇಳಬಾರದು ಅಂತ ನಲ್ಲಿ ಜೋರಾಗಿ ಬಿಟ್ಟು ಕೆಮ್ಮುತ್ತಿದ್ದೆ. ನಮ್ಮ ಯಜಮಾನರು ಒಳ್ಳೆಯವರು. ಗುಳಿಗೆ ತರ್ತಾರೆ, ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಇಡ್ತಾರೆ. ಆದರೆ ಕಫದ ಮಾತೆತ್ತಿದರೆ "ಉಣ್ಣೋ ಹೊತ್ತಿನ್ಯಾಗ ಬ್ಯಾಡ" ಅಂತಾರೆ. ಉಣ್ಣದ ಹೊತ್ತಿನಲ್ಲೂ ಅದನ್ನೇ ಅಂತಾರೆ. ಈ ಕಾಯಿಲೆಯ ಸುದ್ದಿಯೆಲ್ಲ ಕಫದಲ್ಲೇ ಇರೋದು. ಎಷ್ಟು ಬಂತು, ಗಟ್ಟಿಯೋ ತೆಳುವೋ, ಬಣ್ಣ ತಿರುಗಿತೋ. ಅದನ್ನು ಬಿಟ್ಟು "ಹ್ಯಾಂಗಿದ್ದೀ" ಅಂತ ಕೇಳಿದರೆ ನಾನು ಏನು ಹೇಳಲಿ?

ನಮಗಿರೋದು ಎನ್‌ಟಿಎಂ. ಟಿಬಿ ರೋಗಾಣುವಿನ ಕುಲದ್ದೇ, ಆದರೆ ಟಿಬಿ ಅಲ್ಲ. ಮಣ್ಣಲ್ಲಿರುತ್ತದೆ, ನೀರಲ್ಲಿರುತ್ತದೆ, ನಲ್ಲಿಯ ಪೈಪಿನೊಳಗೆ ಕಟ್ಟಿದ ಲೋಳೆಯಲ್ಲಿರುತ್ತದೆ. ಊರೆಲ್ಲ ಅದೇ ನೀರಲ್ಲಿ ಸ್ನಾನ ಮಾಡುತ್ತದೆ, ಹೆಚ್ಚಿನವರಿಗೆ ಏನೂ ಆಗಲ್ಲ. ಇದು ಹಿಡಿಯೋದು ಜಾಸ್ತಿ ಮೊದಲೇ ಶ್ವಾಸಕೋಶ ಕೆಟ್ಟವರನ್ನು. ಹಳೇ ಟಿಬಿಯ ಗಾಯ ಉಳಿದವರು, ಕಲ್ಲಿನ ದೂಳಲ್ಲಿ ವರ್ಷಗಟ್ಟಲೆ ದುಡಿದವರು, ನನ್ನಂತೆ ಬ್ರಾಂಕಿಯೆಕ್ಟಾಸಿಸ್ ಇದ್ದವರು. ನಮ್ಮ ಶ್ವಾಸನಾಳಗಳು ಅಗಲವಾಗಿ ಸಡಿಲಾಗಿರುತ್ತವೆ, ಕಫ ಅಲ್ಲೇ ನಿಲ್ಲುತ್ತದೆ, ನಿಂತಲ್ಲಿ ರೋಗಾಣು ಮನೆ ಮಾಡುತ್ತದೆ. ಹುಡುಗ ಶಹಾಬಾದಿನಲ್ಲಿ ಫರಸಿ ಕಲ್ಲು ಕೊಯ್ಯುವ ಮಶಿನ್ ಮುಂದೆ ನಿಂತವನು. ಬಾಯಿಗೆ ಟವೆಲ್ಲು ಕಟ್ಟಿಕೊಳ್ಳುತ್ತಿದ್ದನಂತೆ. ಟವೆಲ್ಲು ಯಾವ ದೂಳನ್ನು ತಡೆದೀತು.

ಕಫಕ್ಕೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇದೂ ಟಿಬಿಯಂತೆಯೇ ಕೆಂಪು ಕಡ್ಡಿಗಳಾಗಿ ಕಾಣುತ್ತದೆ. ಹಾಗಾಗಿ ಮರದ ಕೆಳಗೆ ಕೂರುವ ನಾವೆಲ್ಲ ಮೊದಲು ಟಿಬಿ ಅಂತ ಹೆಸರು ಬರೆಸಿಕೊಂಡವರೇ. ಸಿಬಿನಾಟ್ ಅನ್ನೋ ಜೀನ್ ಪರೀಕ್ಷೆ ಟಿಬಿ ಇಲ್ಲ ಅಂದ ಮೇಲೆ ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡೋಕೆ, ಕಳಿಸಿದರು, ಅದು ಬೆಳೆಯೋಕೆ ವಾರಗಟ್ಟಲೆ ಹಿಡಿಯಿತು. ಟಿಬಿ ಅಂದ ದಿನ ಓಣಿಗೆಲ್ಲ ಗೊತ್ತಾಯಿತು. ಅಲ್ಲ ಅಂದ ದಿನ ಯಾರಿಗೂ ಗೊತ್ತಾಗಲಿಲ್ಲ. ನಮ್ಮ ನಾದಿನಿ ಇವತ್ತಿಗೂ ನನಗೆ ಕಾಗದದ ಲೋಟದಲ್ಲಿ ಚಹಾ ಕೊಡ್ತಾಳೆ. ಟಿಬಿಯೇ ಆಗಿದ್ದರೂ ಅದು ಗಾಳಿಯಿಂದ ಬರೋದು, ಲೋಟದಿಂದಲ್ಲ. ಓದಿದವಳು ಬೇರೆ! ಅವಳಿಗೆ ಹೇಳೋದನ್ನೇ ಬಿಟ್ಟಿದ್ದೇನೆ.

ಹುಡುಗನ ಗೋಳು ಇನ್ನೊಂದು ಥರ. ಟಿಬಿ ಅಂತ ಇದ್ದಾಗ ಗುಳಿಗೆ ಪುಕ್ಕಟೆ ಸಿಗುತ್ತಿತ್ತು, ಟಿಬಿ ರೋಗಿಗಳ ಊಟಕ್ಕೆ ಅಂತ ಸರ್ಕಾರ ಕೊಡುವ ನಿಕ್ಷಯ್ ಪೋಷಣೆಯ ದುಡ್ಡು ಖಾತೆಗೆ ಬರುತ್ತಿತ್ತು. 2024ರ ನವೆಂಬರ್‌ನಿಂದ ಅದು ತಿಂಗಳಿಗೆ 500 ಇದ್ದದ್ದು 1000 ರೂಪಾಯಿ ಆಗಿದೆ. ಟಿಬಿ ಅಲ್ಲ ಅಂದದ್ದೇ ತಡ, ಎರಡೂ ನಿಂತವು. "ಟಿಬಿನೇ ಇದ್ದಿದ್ರ ಚಲೋ ಇತ್ತೇನ್ರೀ ಟೀಚರ್" ಅಂತ ಕೇಳಿದ. ನಗಬೇಕೋ ಅಳಬೇಕೋ.

ಅವತ್ತು ಅವನ ಹತ್ತಿರ ಇನ್ನೊಂದು ಡಬ್ಬಿಯೂ ಇತ್ತು, ಖಾಲಿ. ಎಷ್ಟು ಕೆಮ್ಮಿದರೂ ಬರೀ ಎಂಜಲು. ಎಂಜಲು ಕೊಟ್ಟರೆ ಲ್ಯಾಬಿನವರು ವಾಪಸ್ ಕಳಿಸುತ್ತಾರೆ. ಅಕ್ಕ ಅವನನ್ನು ಮರದ ಆಚೆ ಬದಿಗೆ, ಗಾಳಿ ಆಡುವ ಕಡೆ ಕೂರಿಸಿದರು.

"ಕೆಮ್ಮಬ್ಯಾಡ. ಕೆಮ್ಮಿ ಕೆಮ್ಮಿ ದಣಿತಿ, ಅದು ಒಳಗೇ ಉಳೀತದ. ನಿಧಾನ ಉಸುರು ಎಳಕೋ. ಜರಾ ತಡಿ. ಈಗ ಬಾಯಿ ತೆರದು ಕನ್ನಡಿಗಿ ಆವಿ ಹಾಕ್ದಂಗ ಹ್ಹಾ ಅನ್ನು. ಗಂಟಲಿಂದ ಅಲ್ಲ, ಹೊಟ್ಟಿಯಿಂದ."

ಹುಡುಗ ಹ್ಹಾ ಅಂದ.

"ಇದ್ರಾಗ ಕನ್ನಡಿ ಒರಸ್ಲಿಕ್ಕೂ ಆಗಂಗಿಲ್ಲ. ಇನ್ನೊಮ್ಮಿ."

ಇದನ್ನು ಫಿಸಿಯೋಥೆರಪಿಯವರು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಆದರೆ ಅವರು ಹೇಳಿದ್ದು ಐದು ನಿಮಿಷ, ಅದೂ ಬಾಗಿಲಲ್ಲಿ ಇನ್ನೊಬ್ಬರು ಕಾಯುತ್ತಿದ್ದಾಗ. ಅಕ್ಕ ಇದನ್ನು ದಿನಾ ಮುಂಜಾನೆ ಚಹಾಕ್ಕೆ ಮೊದಲು ಮಾಡುವವರು. ಉಪ್ಪುನೀರಿನ ನೆಬ್ಯುಲೈಜರ್ ಎಳೆದುಕೊಂಡು, ಹೊರಸಿನ ಮೇಲೆ ಸೊಂಟದ ಕೆಳಗೆ ದಿಂಬಿಟ್ಟು ಮಗ್ಗುಲಾಗಿ ಮಲಗುತ್ತಾರಂತೆ. ಮೊಮ್ಮಕ್ಕಳೂ ಪಕ್ಕದಲ್ಲಿ ಕೂತು ಹ್ಹಾ ಹ್ಹಾ ಅಂತಾವಂತೆ. ಹುಡುಗನಿಗೆ ನಾಲ್ಕನೆಯದೋ ಐದನೆಯದೋ ಸಲಕ್ಕೆ ಎದೆಯೊಳಗಿಂದ ಗೊರಗೊರ ಸದ್ದು ಬಂತು. ಅಕ್ಕ "ಬಂತು, ಬಂತು, ಈಗ ಕೆಮ್ಮು" ಅಂದರು. ಡಬ್ಬಿ ಹಿಡಿದದ್ದು ಹೆಂಡತಿ. ಆ ಹುಡುಗಿ ಸೆರಗನ್ನು ಬಾಯಿಂದ ತೆಗೆದು ಎರಡೂ ಕೈಯಲ್ಲಿ ಡಬ್ಬಿ ಹಿಡಿದದ್ದನ್ನು ನಾನು ನೋಡಿದೆ. ಅಸಹ್ಯ ಅನ್ನೋದು ಅಷ್ಟು ಬೇಗ ಹೋಗುತ್ತದಾ? ನನ್ನ ಮನೆಯಲ್ಲಿ ಯಾಕೆ ಇನ್ನೂ ಹೋಗಿಲ್ಲ?

ಆಮೇಲೆ ಚಹಾ ಬಂತು. ದೂರ ದೂರ ಕೂತೇ ಕುಡಿದೆವು. ಹೊರಗೆ ಗಾಳಿಯಲ್ಲಿ ಕೂರಿ, ಮಾಸ್ಕ್ ಹಾಕಿ, ಒಬ್ಬರ ನೆಬ್ಯುಲೈಜರ್ ಇನ್ನೊಬ್ಬರು ಬಳಸಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಕಲಬುರಗಿ ಬಿಸಿಲಲ್ಲಿ ಹೊರಗೆ ಕೂರೋದೇ ಒಂದು ಶಿಕ್ಷೆ, ಆದರೂ ಮರ ಇದೆ. ಅಕ್ಕ ಹುಡುಗನಿಗೆ ಶವರ್ ಸ್ನಾನ ಬ್ಯಾಡ, ಅದರ ಹನಿ ಉಸಿರಲ್ಲಿ ಹೋಗ್ತದ ಅಂದರು. "ನಮ್ ಮನ್ಯಾಗ ಶವರ್ ಎಲ್ಲಿಂದ ಬರಬೇಕ್ರೀ ಅಕ್ಕ, ಬಕೀಟು ತಂಬಗಿ" ಅಂದ. ಎಲ್ಲರೂ ನಕ್ಕೆವು, ನಕ್ಕದ್ದಕ್ಕೆ ಎಲ್ಲರಿಗೂ ಕೆಮ್ಮು ಬಂತು.

ಹುಡುಗ "ಒಂದ್ ವರ್ಷ ಗುಳಗಿ ಅಂದಾರ, ದೀಪಾವಳಿಗಿ ಮುಗೀತದ" ಅಂತ ಖುಷಿಯಲ್ಲೇ ಹೇಳಿದ. ಯಾರೂ ಮಾತಾಡಲಿಲ್ಲ. ಲೆಕ್ಕ ಹಾಗಿಲ್ಲ. ಕಲ್ಚರ್ ನೆಗೆಟಿವ್ ಆದ ತಿಂಗಳಿಂದ ಹನ್ನೆರಡು ತಿಂಗಳು ಎಣಿಸಬೇಕು. ಅವನದ್ದು ಇನ್ನೂ ನೆಗೆಟಿವ್ ಆಗಿಲ್ಲ. ಹೇಳಿದ್ದು ಅಕ್ಕನೇ. ಹೇಳಿ ಸುಮ್ಮನಾಗಲಿಲ್ಲ, ತಮ್ಮದು ಒಮ್ಮೆ ನೆಗೆಟಿವ್ ಆಗಿ ಮತ್ತೆ ಪಾಸಿಟಿವ್ ಬಂದದ್ದನ್ನೂ ಹೇಳಿದರು. ಅದು ಬೇಕಿತ್ತಾ ಅನ್ನಿಸಿತು ನನಗೆ. ಹುಡುಗ ಮಾತ್ರ "ಮತ್ತ ನೀವು ಹ್ಯಾಂಗ ತಡಕೊಂಡ್ರಿ?" ಅಂತ ಕೇಳಿದ. "ತಡಕೊಂಡಿಲ್ಲ. ಗುಳಗಿ ತಗೊಂಡಿ" ಅಂದರು ಅಕ್ಕ.

ನಮ್ಮ ಗುಂಪು ಭಾರೀ ದೊಡ್ಡದು ಅಂತ ಹೊಗಳೋಕೆ ಹೊರಟಿಲ್ಲ. ರಿಟೈರ್ಡ್ ಕಂಡಕ್ಟರ್ ಕಾಕಾ ಇದ್ದಾರೆ. ಅಕ್ಕ ಹ್ಹಾ ಅನ್ನೋದು ಕಲಿಸಿದರೆ "ಮೂವತ್ ವರ್ಷ ಸೀಟಿ ಊದಿದವಗ ಉಸುರು ಬಿಡೋದು ಕಲಸ್ತೀಯೇನವ್ವಾ" ಅಂತಾರೆ. ಮಾತು ಕೇಳಲು ಮಜಾ. ಆದರೆ ಅವತ್ತು ಹುಡುಗನ ಕಿವಿಯಲ್ಲಿ ಅವರು ಹೇಳಿದ್ದು ನನಗೆ ಕೇಳಿಸಿತು. "ಎಥಾಂಬುಟಾಲ್ ಗುಳಗಿ ಕಣ್ಣು ತಿಂತದ. ನಾ ಬಿಟ್ಟೀನಿ. ಉಳಿದೆರಡು ತಗೋ, ಸಾಕು."

ಕಣ್ಣಿಗೆ ತೊಂದರೆ ಆಗಬಹುದು ಅನ್ನೋದು ನಿಜ. ಕೆಂಪು, ಹಸಿರು ಗುರುತಿಸೋದು ಕಷ್ಟವಾದರೆ, ಅಕ್ಷರ ಮಸುಕಾದರೆ ತಕ್ಷಣ ಹೇಳಿ ಅಂತ ಡಾಕ್ಟರೇ ಹೇಳಿರುತ್ತಾರೆ, ಕಣ್ಣಿನ ಪರೀಕ್ಷೆಗೂ ಬರೆದುಕೊಟ್ಟಿರುತ್ತಾರೆ. ಆದರೆ ತಾನೇ ಬಿಡೋದು ಬೇರೆ. ಅಜಿಥ್ರೋಮೈಸಿನ್ ನಮ್ಮ ಮುಖ್ಯ ಔಷಧಿ. ಜೊತೆಯವು ತಪ್ಪಿದರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ, ಆಮೇಲೆ ಗುಣ ಮಾಡೋದು ಬಹಳ ಕಷ್ಟ. ಒಂದೇ ಮರದ ಕೆಳಗೆ, ಅದೇ ಅರ್ಧ ಗಂಟೆಯಲ್ಲಿ, ಒಬ್ಬರು ರಕ್ತದ ವಿಷಯ ಹೇಳೋಕೆ ಅವನನ್ನು ಡಾಕ್ಟರ ಹತ್ತಿರ ಕಳಿಸಿದರು. ಇನ್ನೊಬ್ಬರು ಡಾಕ್ಟರಿಗೆ ಗೊತ್ತಿಲ್ಲದಂತೆ ಗುಳಿಗೆ ಬಿಡು ಅಂದರು. ಇಬ್ಬರಿಗೂ ಅವನ ಮೇಲೆ ಕಾಳಜಿಯೇ. ಕಾಕಾ ಕೆಟ್ಟವರಲ್ಲ. ಕಣ್ಣು ಹೋದರೆ ಮೊಮ್ಮಗಳ ಮದುವೆ ನೋಡೋಕಾಗಲ್ಲ ಅನ್ನೋ ಹೆದರಿಕೆ ಅವರಿಗೆ. ಆ ಹೆದರಿಕೆಯನ್ನು ಬಾಯಿಬಿಟ್ಟು ಹೇಳೋಕೆ ನಾಚಿಕೆ, ಬುದ್ಧಿವಾದ ಮಾಡಿ ಇನ್ನೊಬ್ಬರಿಗೆ ದಾಟಿಸ್ತಾರೆ. ಅಕ್ಕ ಕಫ ಕೇಳಿದಂತೆ ಕಾಕಾನ ಕಣ್ಣಿನ ಬಗ್ಗೆ ಯಾರಾದರೂ ಜೋರಾಗಿ ಕೇಳಬೇಕಿತ್ತು. ಗಂಡಸರನ್ನು ಯಾರು ಕೇಳ್ತಾರೆ?

ಹೊರಡುವಾಗ ಹುಡುಗನ ಹೆಂಡತಿ ನನ್ನ ಹತ್ತಿರ ಬಂದಳು. "ಟೀಚರ್, ಮಗೀಗಿ ಹತ್ತತದೇನ್ರೀ? ಅತ್ತಿ ಮಗೀನ್ನ ವಾಡಿಗಿ ಕಳ್ಸ್ಯಾರ." ಟಿಬಿ ಅಂದಾಗ ಕಳಿಸಿದ್ದು, ಇನ್ನೂ ಕರೆತಂದಿಲ್ಲ. ಇದು ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಅಂಟೋದಲ್ಲ. ಅದನ್ನು ನಾನು ಹೇಳಿದರೆ ಅತ್ತೆ ನಂಬಲ್ಲ, ಸೊಸೆ ಹೇಳಿದರಂತೂ ಇಲ್ಲವೇ ಇಲ್ಲ. ಮುಂದಿನ ಸಲ ಅತ್ತೆಯನ್ನೇ ಕರೆದುಕೊಂಡು ಬಾ, ಡಾಕ್ಟರ ಬಾಯಿಂದಲೇ ಕೇಳಲಿ ಅಂದೆ. "ಬರಂಗಿಲ್ರೀ ಅವ್ರು" ಅಂದಳು. ಹಿಂದಿನಿಂದ ಅಕ್ಕ, "ನಾ ಫೋನ್ ಮಾಡ್ತೀನಿ, ನಂಬರ್ ಕೊಡು" ಅಂದರು. ಆ ಅತ್ತೆಯ ಗತಿ ನೆನೆದು ನನಗೆ ನಗು ಬಂತು.

ಮುಂದಿನ ವಾರ ಹುಡುಗನನ್ನು ಕಣ್ಣಿನ ವಿಭಾಗಕ್ಕೆ ನಾನೇ ಕರೆದೊಯ್ಯುತ್ತೇನೆ ಅಂದಿದ್ದೇನೆ, ಅವನಿಗೆ ಅಲ್ಲಿನ ಸಾಲುಗಳು ಗೊತ್ತಿಲ್ಲ. ಕಾಕಾನನ್ನೂ ಜೊತೆಗೆ ಎಳೆದುಕೊಂಡು ಹೋಗಬೇಕು. ನಿನ್ನೆಯಿಂದ ಫೋನ್ ಮಾಡ್ತಿದ್ದೇನೆ, ಎತ್ತುತ್ತಿಲ್ಲ. ನಾಳೆ ಶಾಲೆ ಬಿಟ್ಟ ಮೇಲೆ ಅವರ ಮನೆಗೇ ಹೋಗಬೇಕು. ಮೊಮ್ಮಗಳ ಎದುರಿಗೇ ಕೇಳೋದು.